ಅಪಾರ್ಥೀಡ್, ವರ್ಣಭೇದ ನೀತಿ, ಜನಾಂಗೀಯ ಪ್ರತ್ಯೇಕತೆ: ಯಾವ ಪದವನ್ನು ಎಲ್ಲಿ ಬಳಸಬೇಕು?

ಪ್ರಶ್ನೆ: ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ದಕ್ಷಿಣ ಆಫ್ರಿಕದ ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ಕುರಿತ ದೀರ್ಘ ಲೇಖನವೊಂದನ್ನು ಕನ್ನಡದ ಮಾಸಪತ್ರಿಕೆಯೊಂದಕ್ಕಾಗಿ ಇಂಗ್ಲಿಷಿನಿಂದ ಅನುವಾದಿಸುತ್ತಿದ್ದೇನೆ. ಅದರಲ್ಲಿ ರೇಸಿಯಲ್ ಡಿಸ್ಕ್ರಿಮಿನೇಶನ್, ಸೆಗ್ರಿಗೇಶನ್, ಅಪಾರ್ಥೀಡ್ ಎಂಬ ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ. ಲೇಖಕರು ಅವನ್ನು ಮನಸ್ಸಿಗೆ ಬಂದಂತೆ ಬಳಸದೆ, ಒಂದೊಂದಕ್ಕೂ ಒಂದೊಂದು ಅರ್ಥವನ್ನು ನಿಗದಿ ಮಾಡಿಕೊಂಡೇ ಬರೆದಿದ್ದಾರೆ. ನನ್ನ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಶಾಲೆಯ ಪಾಠಗಳಲ್ಲಿ ಮತ್ತು ಪತ್ರಿಕೆಗಳಲ್ಲಿ ನಾನು ಓದಿಕೊಂಡು ಬಂದ ಕನ್ನಡದಲ್ಲಿ ಈ ಮೂರಕ್ಕೂ "ವರ್ಣಭೇದ" ಎಂಬ ಒಂದೇ ಪದ ಚಾಲ್ತಿಯಲ್ಲಿದೆ. 1948ರ ಚುನಾವಣೆಯ ನಂತರ ಸೆಗ್ರಿಗೇಶನ್ ಹೋಗಿ ಅಪಾರ್ಥೀಡ್ ಬಂದಿತು ಎಂಬ ಅರ್ಥದ ಒಂದು ವಾಕ್ಯ ಲೇಖನದ ನಡುವೆ ಬರುತ್ತದೆ. ಅದನ್ನು ನನಗೆ ಗೊತ್ತಿರುವ ಪದದಲ್ಲಿ ಇಳಿಸಿದರೆ ವರ್ಣಭೇದ ಹೋಗಿ ವರ್ಣಭೇದ ಬಂದಿತು ಎಂದಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ಪ್ರೌಢಶಾಲೆಯಲ್ಲಿ ಓದುತ್ತಿರುವ ಅಕ್ಕನ ಮಗಳು ನನ್ನ ಕರಡನ್ನು ಓದಿ, "ಚಿಕ್ಕಮ್ಮ, ಇದು ಚಾತುರ್ವರ್ಣ್ಯದ ವರ್ಣವಾ?" ಎಂದು ಕೇಳಿದಳು. ಅಲ್ಲ, ಇದು ಮೈಬಣ್ಣದ ವರ್ಣ ಎಂದು ಹೇಳಿದೆನಾದರೂ ಅವಳ ಪ್ರಶ್ನೆ ನ್ಯಾಯವಾದದ್ದು ಎನ್ನಿಸಿತು. ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಪ್ರಸಂಗಕ್ಕೆ ಅಪಾರ್ಥೀಡ್ ಎಂಬ ಪದ ಹೊಂದುತ್ತದೆಯೇ? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿದ್ದ ವ್ಯವಸ್ಥೆಗೆ ಹೊಂದುತ್ತದೆಯೇ? ಈಗಿನ ಕಾಲದ ಬೇರೆ ದೇಶಗಳಿಗೆ ಆ ಪದವನ್ನು ಅನ್ವಯಿಸಿದಾಗ ಅದನ್ನು ಬೈಗುಳ ಎಂದು ತಿಳಿಯಬೇಕೋ, ಕಾನೂನಿನ ಪರಿಭಾಷೆ ಎಂದು ತಿಳಿಯಬೇಕೋ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಕಡತ (ಮೈಸೂರು)

ತುಂಗಾತೀರ ಅವರೇ, ಬಹುಕಾಲ ಇತಿಹಾಸವನ್ನು ಪಾಠ ಮಾಡಿದ ನನಗೆ ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು ಅನ್ನಿಸಿತು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಅಪಾರ್ಥೀಡ್ ಎಂಬುದು ಆಫ್ರಿಕಾನ್ಸ್ ಭಾಷೆಯ ಪದ. 1652ರಲ್ಲಿ ಕೇಪ್ ಪ್ರದೇಶಕ್ಕೆ ಬಂದು ನೆಲೆಸಿದ ಡಚ್ಚರ ಮಾತಿನಿಂದ ಬೆಳೆದ ಭಾಷೆ ಅದು. "ಅಪಾರ್ಟ್" ಎಂದರೆ ಬೇರೆಯಾಗಿ. ಕೊನೆಯಲ್ಲಿ ಬರುವ ಪ್ರತ್ಯಯವು ನಮ್ಮ "-ತನ", "-ತೆ" ಎಂಬ ಪ್ರತ್ಯಯಗಳ ಕೆಲಸ ಮಾಡುತ್ತದೆ. ಹಾಗಾಗಿ ಪದದ ನೇರ ಅರ್ಥ ಬೇರೆತನ, ಪ್ರತ್ಯೇಕತೆ, ಅಷ್ಟೇ. ಅದರಲ್ಲಿ ಬಣ್ಣದ ಹೆಸರಾಗಲಿ, ದ್ವೇಷದ ಸುಳಿವಾಗಲಿ, ಮೇಲುಕೀಳಿನ ಮಾತಾಗಲಿ ಇಲ್ಲ. ಇದನ್ನು ಗಮನಿಸುವುದು ಅಗತ್ಯ, ಏಕೆಂದರೆ ಆ ಪದವನ್ನು ಕೊಟ್ಟವರು ಅದನ್ನು ವಿರೋಧಿಸಿದವರಲ್ಲ, ಅದನ್ನು ಜಾರಿಗೆ ತಂದವರು. ಡಿ.ಎಫ್. ಮಲಾನ್ ನೇತೃತ್ವದ ನ್ಯಾಷನಲ್ ಪಾರ್ಟಿ 1948ರ ಮೇ 26ರ ಚುನಾವಣೆಯಲ್ಲಿ ಇದನ್ನೇ ತನ್ನ ಘೋಷಣೆಯಾಗಿ ಮುಂದಿಟ್ಟು, ಒಟ್ಟು ಮತಗಳಲ್ಲಿ ಹಿಂದುಳಿದಿದ್ದರೂ ಸ್ಥಾನಗಳಲ್ಲಿ ಮುಂದಾಗಿ ಅಧಿಕಾರಕ್ಕೆ ಬಂದಿತು. ಕೇಳಿಸಿಕೊಳ್ಳಲು ಸೌಮ್ಯವಾಗಿದ್ದ ಈ ಪದ ಮುಂದಿನ ನಾಲ್ಕೂವರೆ ದಶಕಗಳಲ್ಲಿ ಜಗತ್ತಿನ ಅತ್ಯಂತ ಹೇಯ ಪದಗಳಲ್ಲಿ ಒಂದಾದದ್ದು ಅದರ ಹೆಸರಿನಲ್ಲಿ ನಡೆದ ಕೆಲಸಗಳಿಂದ.

ಹಾಗಾದರೆ 1948ಕ್ಕೆ ಮೊದಲು ಆ ದೇಶದಲ್ಲಿ ತಾರತಮ್ಯ ಇರಲಿಲ್ಲವೇ? ಧಾರಾಳವಾಗಿ ಇತ್ತು. 1913ರ ಭೂ ಕಾಯಿದೆಯು ಬಹುಸಂಖ್ಯಾತ ಆಫ್ರಿಕನ್ನರಿಗೆ ದೇಶದ ನೆಲದಲ್ಲಿ ಸುಮಾರು ಶೇ 7ರಷ್ಟನ್ನು ಮಾತ್ರ ಗೊತ್ತುಪಡಿಸಿತು. 1936ರಲ್ಲಿ ಅದನ್ನು ಸುಮಾರು ಶೇ 13ಕ್ಕೆ ಏರಿಸುವ ಕಾನೂನು ಬಂದಿತು. ಗಣಿಗಳಲ್ಲಿ ಕುಶಲ ಕೆಲಸಗಳನ್ನು ಬಿಳಿಯರಿಗೆ ಮೀಸಲಿಡುವ ನಿಯಮಗಳು, ನಗರಗಳಲ್ಲಿ ಆಫ್ರಿಕನ್ನರ ವಾಸವನ್ನು ನಿಯಂತ್ರಿಸುವ ನಿಯಮಗಳು ಆಗಲೇ ಇದ್ದವು. ನಿಮ್ಮ ಲೇಖಕರು ಸೆಗ್ರಿಗೇಶನ್ ಎನ್ನುತ್ತಿರುವುದು ಇದನ್ನೇ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪ್ರಾಂತಗಳಲ್ಲಿ, ಬೇರೆ ಬೇರೆ ಅಗತ್ಯಗಳಿಗಾಗಿ ಹುಟ್ಟಿಕೊಂಡ ಬೇರ್ಪಡಿಕೆಯ ನಿಯಮಗಳ ರಾಶಿ ಅದು.

1948ರ ನಂತರ ಬಂದದ್ದು ಮನುಷ್ಯನ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಒಂದೇ ಆಧಾರದ ಮೇಲೆ ಹಂಚಿಹಾಕುವ ಪೂರ್ಣ ವ್ಯವಸ್ಥೆ. ಆ ಆಧಾರ 1950ರ ಜನಸಂಖ್ಯಾ ನೋಂದಣಿ ಕಾಯಿದೆ. ದೇಶದ ಪ್ರತಿಯೊಬ್ಬರ ಹೆಸರಿನ ಮುಂದೆ ಬಿಳಿಯ, ಕಲರ್ಡ್, ಸ್ಥಳೀಯ ಎಂಬ ಮೂರರಲ್ಲಿ ಒಂದು ಜನಾಂಗವನ್ನು ಸರ್ಕಾರವೇ ದಾಖಲಿಸತೊಡಗಿತು. ಭಾರತೀಯ ಮೂಲದವರಿಗೆ ಮುಂದೆ ಪ್ರತ್ಯೇಕ ವರ್ಗ ಬಂದಿತು. ನೋಟಕ್ಕೆ ಹೇಗೆ ಕಾಣುತ್ತಾರೆ, ನೆರೆಹೊರೆಯವರು ಯಾರೆಂದು ಒಪ್ಪಿಕೊಂಡಿದ್ದಾರೆ ಎಂಬುದರ ಮೇಲೆ ಅಧಿಕಾರಿಗಳು ತೀರ್ಮಾನಿಸುತ್ತಿದ್ದರು. ಸಂಶಯ ಬಂದರೆ ತಲೆಗೂದಲಿನಲ್ಲಿ ಪೆನ್ಸಿಲ್ ತೂರಿಸಿ, ಅದು ಜಾರಿ ಬೀಳುತ್ತದೆಯೋ ಸಿಕ್ಕಿಕೊಳ್ಳುತ್ತದೆಯೋ ಎಂದು ನೋಡುತ್ತಿದ್ದುದೂ ಉಂಟು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಜನಾಂಗಗಳಾಗಿ ದಾಖಲಾದ ಪ್ರಕರಣಗಳಿವೆ. ಹಾಗೆ ಬರೆಯಿಸಿಕೊಂಡ ಒಂದು ಅಕ್ಷರದ ಮೇಲೆ, ಯಾರನ್ನು ಮದುವೆಯಾಗಬಹುದು (1949ರ ಕಾಯಿದೆ), ಯಾವ ಬಡಾವಣೆಯಲ್ಲಿ ಮನೆ ಮಾಡಬಹುದು (1950), ಮಕ್ಕಳು ಯಾವ ಪಠ್ಯವನ್ನು ಓದಬೇಕು (1953) ಎಂಬುದೆಲ್ಲ ನಿಂತಿತು. ಮದುವೆಯ ನಿಷೇಧ 1985ರವರೆಗೆ, ಜನಾಂಗದ ನೋಂದಣಿ 1991ರವರೆಗೆ ಉಳಿಯಿತು.

ಅಮೆರಿಕದ ಹೋಲಿಕೆಯನ್ನು ಕೇಳಿದ್ದೀರಿ. ಅಲ್ಲಿನ ಸುಪ್ರೀಂ ಕೋರ್ಟ್ 1896ರಲ್ಲಿ, ಬೇರೆಯಾಗಿದ್ದರೂ ಸಮಾನವಾಗಿದ್ದರೆ ಸಾಕು ಎಂಬ ತತ್ತ್ವವನ್ನು ಎತ್ತಿಹಿಡಿದು, 1954ರಲ್ಲಿ ಶಾಲೆಗಳ ವಿಷಯದಲ್ಲಿ ಅದನ್ನು ತಳ್ಳಿಹಾಕಿತು. ಸಮಾನತೆ ಅಲ್ಲಿ ಸುಳ್ಳಾಗಿತ್ತು, ಆದರೆ ಕಾನೂನು ಅದನ್ನು ಬಾಯಿಮಾತಿಗಾದರೂ ಹೇಳಬೇಕಾಗಿತ್ತು. ದಕ್ಷಿಣ ಆಫ್ರಿಕದಲ್ಲಿ ಸೌಲಭ್ಯಗಳು ಸಮಾನವಾಗಿರಬೇಕೆಂದು ನ್ಯಾಯಾಲಯ ಹೇಳಿದಾಗ, ಸರ್ಕಾರ 1953ರಲ್ಲಿ ಪ್ರತ್ಯೇಕ ಸೌಲಭ್ಯಗಳ ಕಾಯಿದೆಯನ್ನು ತಂದು, ಬೇರೆ ಬೇರೆ ಜನಾಂಗಗಳಿಗೆ ಕೊಡುವ ಸೌಲಭ್ಯಗಳು ಸಮಾನವಾಗಿರಬೇಕಾಗಿಲ್ಲ ಎಂದು ಕಾನೂನಿನಲ್ಲಿಯೇ ಬರೆದಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಅಮೆರಿಕದ್ದನ್ನು ಜನಾಂಗೀಯ ಪ್ರತ್ಯೇಕೀಕರಣ ಎಂದೂ, ದಕ್ಷಿಣ ಆಫ್ರಿಕದ್ದನ್ನು ಅಪಾರ್ಥೀಡ್ ಅಥವಾ ವರ್ಣಭೇದ ನೀತಿ ಎಂದೂ ಬರೆಯುವುದಕ್ಕೆ ಈ ಒಂದು ವ್ಯತ್ಯಾಸವೇ ಸಾಕು. ಅಮೆರಿಕದ ಕಪ್ಪು ಜನರ ಸಂಕಟ ಕಡಿಮೆಯದೆಂದು ಇದರ ಅರ್ಥವಲ್ಲ.

ಗಾಂಧೀಜಿಯವರ ಪ್ರಸಂಗದ ಬಗ್ಗೆ: ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಅವರನ್ನು ರೈಲಿನಿಂದ ಇಳಿಸಿದ್ದು 1893ರ ಜೂನ್‌ನಲ್ಲಿ. ಆಗ ನಟಾಲ್ ಬ್ರಿಟಿಷ್ ವಸಾಹತು. ಗಾಂಧೀಜಿ ಆ ದೇಶವನ್ನು ಬಿಟ್ಟದ್ದು 1914ರಲ್ಲಿ, ಅವರು ಹತರಾದದ್ದು 1948ರ ಜನವರಿಯಲ್ಲಿ. ಮಲಾನ್ ಸರ್ಕಾರ ಬಂದದ್ದು ಅದಾದ ನಾಲ್ಕು ತಿಂಗಳಿಗೆ. ಆದ್ದರಿಂದ ಅವರು ಅಪಾರ್ಥೀಡ್ ವಿರುದ್ಧ ಹೋರಾಡಿದರು ಎಂದು ಬರೆದರೆ ತಪ್ಪಾಗುತ್ತದೆ. ಜನಾಂಗೀಯ ತಾರತಮ್ಯದ ವಿರುದ್ಧ, ವಸಾಹತು ಸರ್ಕಾರದ ವರ್ಣ ತಾರತಮ್ಯದ ವಿರುದ್ಧ ಎಂದು ಬರೆಯಿರಿ.

"ವರ್ಣಭೇದ ನೀತಿ" ಎಂಬ ಪದವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಭಾರತ 1946ರಲ್ಲಿಯೇ ದಕ್ಷಿಣ ಆಫ್ರಿಕದೊಂದಿಗೆ ವ್ಯಾಪಾರ ಸಂಬಂಧವನ್ನು ಕಡಿದುಕೊಂಡು, ಅಲ್ಲಿನ ಭಾರತೀಯರ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ ನಮ್ಮ ತಂಡ ದಕ್ಷಿಣ ಆಫ್ರಿಕದ ಎದುರು ಆಡಲು ನಿರಾಕರಿಸಿ ಪ್ರಶಸ್ತಿಯನ್ನೇ ಬಿಟ್ಟುಕೊಟ್ಟಿತು. 1991ರ ನವೆಂಬರಿನಲ್ಲಿ ಆ ದೇಶದ ಕ್ರಿಕೆಟ್ ತಂಡ ಕೋಲ್ಕತ್ತಕ್ಕೆ ಬಂದು ಆಡಿದಾಗ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಇಷ್ಟೂ ದಶಕ ಕನ್ನಡದ ಓದುಗ ಈ ವಿಷಯವನ್ನು ತಿಳಿದುಕೊಂಡದ್ದು ವರ್ಣಭೇದ ನೀತಿ ಎಂಬ ಹೆಸರಿನಲ್ಲಿಯೇ. ಅಲ್ಲಿ ಕೆಲಸ ಮಾಡುವುದು "ನೀತಿ" ಎಂಬ ಎರಡನೆಯ ಪದ. ವರ್ಣಭೇದ ಎಂದಷ್ಟೇ ಬರೆದರೆ ಯಾರೋ ಯಾರನ್ನೋ ಬಣ್ಣ ನೋಡಿ ಕೀಳಾಗಿ ಕಂಡರು ಎಂದಾಗುತ್ತದೆ. ನೀತಿ ಎಂದೊಡನೆ ಅದು ಸರ್ಕಾರದ ಕೆಲಸವಾಗುತ್ತದೆ. ಪುಟದಲ್ಲಿ ಜಾಗ ಉಳಿಸುವುದಕ್ಕಾಗಿ ಆ ಪದವನ್ನು ಕತ್ತರಿಸಬೇಡಿ ಎಂಬುದೇ ನನ್ನ ಮುಖ್ಯ ಕೋರಿಕೆ.

ಉತ್ತರ: ಜೋಬರ್ಗ್ ಕನ್ನಡಿಗ (ಜೋಹಾನ್ಸ್‌ಬರ್ಗ್)

ಕೆಲಸದ ನಿಮಿತ್ತ ಈ ಊರಿನಲ್ಲಿ ನೆಲೆಸಿದ್ದೇನೆ. ಮೈಸೂರಿನ ಹಿರಿಯರು ಹೇಳಿದ ಇತಿಹಾಸಕ್ಕೆ ಇಲ್ಲಿನ ಬಳಕೆಯ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲು ಉಚ್ಚಾರಣೆ. ಇಲ್ಲಿಯವರು "ಥೀಡ್" ಎನ್ನುವುದಿಲ್ಲ. ಆಫ್ರಿಕಾನ್ಸ್‌ನಲ್ಲಿ ಟಕಾರ ಮತ್ತು ಹಕಾರ ಬೇರೆ ಬೇರೆಯಾಗಿ ಕೇಳಿಸುತ್ತವೆ, ಕೊನೆಯ ಡಕಾರ ಟಕಾರದಂತೆ ಮುಗಿಯುತ್ತದೆ; ಹೆಚ್ಚುಕಡಿಮೆ "ಅಪಾರ್ಟ್‌ಹೇಟ್" ಎಂದಂತೆ. ಕನ್ನಡದಲ್ಲಿ ಅಪಾರ್ಥೀಡ್ ಎಂಬ ರೂಪ ಈಗಾಗಲೇ ಬಳಕೆಯಲ್ಲಿರುವುದರಿಂದ ಅದನ್ನೇ ಇಟ್ಟುಕೊಂಡರೆ ಯಾರಿಗೂ ತೊಂದರೆಯಿಲ್ಲ, ಆದರೆ ಒಂದೇ ಲೇಖನದಲ್ಲಿ ಎರಡು ಕಾಗುಣಿತ ಬೇಡ.

ಈ ಪದವು ಕಾನೂನಿನ ಪುಸ್ತಕಗಳಿಂದ ಇಳಿದು ಜನರ ಮೈಮೇಲೆ ಹೇಗೆ ಬಂದಿತು ಎಂಬುದನ್ನು ಇಲ್ಲಿನ ಅಪಾರ್ಥೀಡ್ ವಸ್ತುಸಂಗ್ರಹಾಲಯ ಬಾಗಿಲಲ್ಲಿಯೇ ತೋರಿಸುತ್ತದೆ. ಟಿಕೆಟ್ ಕೊಳ್ಳುವಾಗ ನಮ್ಮ ಮುಖವನ್ನು ನೋಡದೆ, ಯಾವ ಲೆಕ್ಕವೂ ಇಲ್ಲದೆ, ಒಬ್ಬರಿಗೆ "ಬಿಳಿಯ" ಎಂದೂ ಇನ್ನೊಬ್ಬರಿಗೆ "ಬಿಳಿಯರಲ್ಲದವರು" ಎಂದೂ ಬರೆದ ಚೀಟಿ ಸಿಗುತ್ತದೆ. ಒಳಗೆ ಹೋಗಲು ಎರಡು ಬಾಗಿಲುಗಳಿವೆ. ಚೀಟಿಯಲ್ಲಿ ಬರೆದಿರುವ ಬಾಗಿಲಿನಿಂದಲೇ ಹೋಗಬೇಕು. ನನ್ನ ಹೆಂಡತಿ ಒಂದು ಬಾಗಿಲಿನಿಂದ, ನಾನು ಇನ್ನೊಂದರಿಂದ ಹೋದೆವು. ನಡುವೆ ಕಬ್ಬಿಣದ ಕಂಬಿಗಳು, ಅವುಗಳಿಗೆ ತಗುಲಿಹಾಕಿದ ಹಳೆಯ ಗುರುತಿನ ಪುಸ್ತಕಗಳ ದೊಡ್ಡ ಪ್ರತಿಗಳು. ಸ್ವಲ್ಪ ಹೊತ್ತಿನ ಏರ್ಪಾಡು ಅದು, ಆದರೂ ಕಂಬಿಯ ಆಚೆ ಅವಳು ನಡೆಯುತ್ತಿರುವುದು ಕಾಣುತ್ತಿದ್ದು ಕೈಗೆ ಸಿಗದೆ ಹೋದದ್ದು ನನ್ನನ್ನು ಕಲಕಿತು. ಕೇಪ್‌ಟೌನಿನಲ್ಲಿ, ಜನಾಂಗ ನಿಗದಿಯ ವಿಚಾರಣೆಗಳು ನಡೆಯುತ್ತಿದ್ದ ನ್ಯಾಯಾಲಯದ ಕಟ್ಟಡದ ಹೊರಗೆ ಎರಡು ಬೆಂಚುಗಳನ್ನು ಸ್ಮಾರಕವಾಗಿ ಇಟ್ಟಿದ್ದಾರೆ. ಎರಡೂ ಒಂದೇ ಥರದ ಬೆಂಚು, ಮೇಲೆ ಬರೆದಿರುವುದು ಮಾತ್ರ ಬೇರೆ.

ಅನುವಾದಕರು ಎಚ್ಚರ ವಹಿಸಬೇಕಾದ ಪದ "ಕಲರ್ಡ್". ಅದನ್ನು "ಬಣ್ಣದವರು", "ವರ್ಣೀಯರು" ಎಂದು ಕನ್ನಡಿಸಿದರೆ ಎಲ್ಲ ಬಿಳಿಯೇತರರೂ ಅದರಲ್ಲಿ ಸೇರಿದಂತೆ ಆಗುತ್ತದೆ. ಇಲ್ಲಿ ಅದು ಒಂದು ನಿರ್ದಿಷ್ಟ ಸಮುದಾಯದ ಹೆಸರು: ಕೇಪ್‌ನ ಮೂಲನಿವಾಸಿಗಳಾದ ಖೋಯ್ ಜನರು, ಏಷ್ಯಾದಿಂದ ಮತ್ತು ಆಫ್ರಿಕದ ಬೇರೆ ಭಾಗಗಳಿಂದ ಗುಲಾಮರಾಗಿ ತಂದವರು, ಯುರೋಪಿನವರು, ಇವರೆಲ್ಲರ ಸಂತತಿ ಬೆರೆತು ಮುಖ್ಯವಾಗಿ ಕೇಪ್ ಪ್ರಾಂತದಲ್ಲಿ ಬೆಳೆದ ಜನ. ಅವರಲ್ಲಿ ಹಲವರು ಇಂದಿಗೂ ತಮ್ಮನ್ನು ಆ ಹೆಸರಿನಿಂದ ಗುರುತಿಸಿಕೊಳ್ಳುತ್ತಾರೆ, ಕೆಲವರು ಒಪ್ಪುವುದಿಲ್ಲ. "ಕಲರ್ಡ್ ಸಮುದಾಯ" ಎಂದೇ ಇಟ್ಟು ಒಮ್ಮೆ ವಿವರಿಸುವುದು ಕ್ಷೇಮ. "ಬಾಂಟು" ಎಂಬುದು ಭಾಷಾವಿಜ್ಞಾನದಲ್ಲಿ ಒಂದು ಭಾಷಾಕುಟುಂಬದ ಹೆಸರಾಗಿ ಸರಿ. ಜನರನ್ನು ಕುರಿತು ಬಳಸಿದರೆ ಇಲ್ಲಿ ಅವಮಾನ, ಏಕೆಂದರೆ ಸರ್ಕಾರಿ ಕಾಗದಗಳಲ್ಲಿ ಅದು ಹಾಗೆಯೇ ಬಳಕೆಯಾಗಿತ್ತು. ಕನ್ನಡದಲ್ಲಿ ಈಗಲೂ ಕೆಲವರು ಬರೆಯುವ "ಕರಿಯರು", "ನೀಗ್ರೋಗಳು" ಎಂಬ ಪದಗಳನ್ನು ದಯವಿಟ್ಟು ಬಳಸಬೇಡಿ. ಕಪ್ಪು ಜನರು, ಆಫ್ರಿಕನ್ನರು ಎಂದರೆ ಸಾಕು.

ಆ ಆಡಳಿತ ತನ್ನ ಕಾನೂನುಗಳಿಗೆ ಇಟ್ಟ ಹೆಸರುಗಳನ್ನೂ ನಂಬಿ ಅನುವಾದಿಸಬಾರದು. 1952ರಲ್ಲಿ ಒಂದು ಕಾಯಿದೆ ಬಂದಿತು, ಅದರ ಹೆಸರಿನಲ್ಲಿ "ಪಾಸುಗಳ ರದ್ದತಿ" ಎಂದಿದೆ. ಅದು ಮಾಡಿದ ಕೆಲಸವೆಂದರೆ ಆಫ್ರಿಕನ್ನರು ಓಡಾಡಲು ಬೇಕಾಗಿದ್ದ ಹಳೆಯ ಬಿಡಿ ಪಾಸುಗಳನ್ನು ತೆಗೆದು, ಹದಿನಾರು ದಾಟಿದ ಆಫ್ರಿಕನ್ನರು ಫೋಟೊ, ಬೆರಳಚ್ಚು, ಕೆಲಸ ಕೊಟ್ಟವರ ಸಹಿ ಎಲ್ಲ ಇರುವ ಒಂದು ಪುಸ್ತಕವನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂದು ವಿಧಿಸಿದ್ದು. ಜನ ಅದನ್ನು "ಡೊಮ್‌ಪಾಸ್" ಎಂದರು, ಎಂದರೆ ದಡ್ಡ ಪಾಸು. ಹೆಂಗಸರಿಗೂ ಅದನ್ನು ವಿಸ್ತರಿಸಹೊರಟಾಗ 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾದಲ್ಲಿ ಮೆರವಣಿಗೆ ಹೋದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸುಗಳನ್ನು ಬಿಟ್ಟು ಬಂದು ಪೊಲೀಸ್ ಠಾಣೆಯ ಮುಂದೆ ಸೇರಿದವರ ಮೇಲೆ ಗುಂಡು ಹಾರಿಸಿ 69 ಮಂದಿಯನ್ನು ಕೊಂದರು.

1955ರಿಂದ ಜೋಹಾನ್ಸ್‌ಬರ್ಗಿನ ಸೋಫಿಯಾಟೌನ್ ಎಂಬ ಬಡಾವಣೆಯ ಕಪ್ಪು ನಿವಾಸಿಗಳನ್ನು ಎಬ್ಬಿಸಿ, ಮನೆಗಳನ್ನು ಕೆಡವಿ, ಅದೇ ಜಾಗದಲ್ಲಿ ಬಿಳಿಯರಿಗಾಗಿ ಕಟ್ಟಿದ ಹೊಸ ಬಡಾವಣೆಗೆ "ಟ್ರಿಯೋಮ್ಫ್" ಎಂದು ಹೆಸರಿಟ್ಟರು. ವಿಜಯ ಎಂದು ಅರ್ಥ. ಈಗ ಹಳೆಯ ಹೆಸರು ಮರಳಿ ಬಂದಿದೆ. ಭಾರತೀಯರೂ ಇದರಿಂದ ಹೊರತಾಗಿರಲಿಲ್ಲ. ನಗರದ ಮಧ್ಯದಲ್ಲಿದ್ದ ಪೇಜ್‌ವ್ಯೂ ಎಂಬ ಬಡಾವಣೆಯಿಂದ ಅವರನ್ನು ತೆರವು ಮಾಡಿಸಿ ದೂರದ ಲೆನೇಷಿಯಾಕ್ಕೆ ಕಳುಹಿಸಿದರು.

ಇಂದಿನ ಬಳಕೆಯಲ್ಲಿ ಅಪಾರ್ಥೀಡ್ ಎಂಬುದು ಒಂದು ಕಾಲಾವಧಿಯ ಹೆಸರೂ ಹೌದು. ನಗರದ ರಚನೆಯನ್ನು ಕುರಿತು ಮಾತನಾಡುವಾಗ ಈ ಪದ ಈಗಲೂ ದಿನವೂ ಕೇಳಿಸುತ್ತದೆ. ಕಪ್ಪು ಜನರನ್ನು ಊರಾಚೆ ಇಟ್ಟು ಕಟ್ಟಿದ ಊರುಗಳು ಕಾನೂನು ಹೋದ ಮಾತ್ರಕ್ಕೆ ಜಾಗ ಬದಲಿಸಿಲ್ಲ. ಬೆಳಗಿನ ಜಾವಕ್ಕೇ ಎದ್ದು ದೂರದ ಟೌನ್‌ಶಿಪ್‌ಗಳಿಂದ ಮಿನಿಬಸ್ ಟ್ಯಾಕ್ಸಿ ಹಿಡಿದು ಕೆಲಸಕ್ಕೆ ಬರುವ ನನ್ನ ಸಹೋದ್ಯೋಗಿಗಳಿಗೆ ಅದು ಇತಿಹಾಸದ ಪದವಲ್ಲ.

ಉತ್ತರ: ಸವಾಲು ಜವಾಬು (ಧಾರವಾಡ)

ವಕೀಲನಾಗಿ ನಾನು ತುಂಗಾತೀರ ಅವರ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಅಪಾರ್ಥೀಡ್ ಎಂಬುದು ಅಂತರರಾಷ್ಟ್ರೀಯ ಕಾನೂನಿನಲ್ಲಿ ವ್ಯಾಖ್ಯೆಯಿರುವ ಒಂದು ಅಪರಾಧದ ಹೆಸರು. ವಿಶ್ವಸಂಸ್ಥೆಯ ಮಹಾಸಭೆ 1973ರ ನವೆಂಬರ್ 30ರಂದು ಅಪಾರ್ಥೀಡ್ ಅಪರಾಧದ ದಮನ ಮತ್ತು ಶಿಕ್ಷೆಯನ್ನು ಕುರಿತ ಒಡಂಬಡಿಕೆಯನ್ನು ಅಂಗೀಕರಿಸಿತು. 1976ರಲ್ಲಿ ಅದು ಜಾರಿಗೆ ಬಂದಿತು. ಭಾರತ ಅದಕ್ಕೆ ಸೇರಿದೆ, ಅಮೆರಿಕ ಮತ್ತು ಬ್ರಿಟನ್ ಸೇರಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ರೋಮ್ ಶಾಸನವೂ ಮಾನವತೆಯ ವಿರುದ್ಧದ ಅಪರಾಧಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಎರಡರ ಸಾರವೂ ಒಂದೇ: ಒಂದು ಜನಾಂಗೀಯ ಗುಂಪು ಇನ್ನೊಂದರ ಮೇಲೆ ಯಜಮಾನಿಕೆಯನ್ನು ಸ್ಥಾಪಿಸಿ ಉಳಿಸಿಕೊಳ್ಳುವುದಕ್ಕಾಗಿ, ವ್ಯವಸ್ಥಿತ ದಬ್ಬಾಳಿಕೆಯ ಭಾಗವಾಗಿ ಅಮಾನವೀಯ ಕೃತ್ಯಗಳನ್ನು ನಡೆಸುವುದು. ಬಿಡಿಯಾಗಿ ನಡೆದ ತಾರತಮ್ಯ, ಅದು ಎಷ್ಟೇ ಕ್ರೂರವಾಗಿರಲಿ, ಇದಾಗುವುದಿಲ್ಲ. ವ್ಯವಸ್ಥೆ ಇರಬೇಕು, ಯಜಮಾನಿಕೆಯ ಉದ್ದೇಶ ಇರಬೇಕು.

ಒಂದೇ ಕನ್ನಡ ಪದದಿಂದ ಏನು ತೊಂದರೆಯಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಜನಾಂಗೀಯ ತಾರತಮ್ಯದ ನಿವಾರಣೆಗಾಗಿ 1965ರಲ್ಲಿ ಆದ ಒಡಂಬಡಿಕೆಯ ಮೂರನೆಯ ವಿಧಿಯು ಜನಾಂಗೀಯ ಪ್ರತ್ಯೇಕೀಕರಣ ಮತ್ತು ಅಪಾರ್ಥೀಡ್ ಎರಡನ್ನೂ ಪಕ್ಕಪಕ್ಕದಲ್ಲಿ ಹೆಸರಿಸಿ ಖಂಡಿಸುತ್ತದೆ. 2024ರ ಜುಲೈ 19ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶಗಳ ಕುರಿತು ನೀಡಿದ ಸಲಹಾತ್ಮಕ ಅಭಿಪ್ರಾಯದಲ್ಲಿ, ಇಸ್ರೇಲಿನ ಕ್ರಮಗಳಿಂದ ಈ ಮೂರನೆಯ ವಿಧಿ ಉಲ್ಲಂಘನೆಯಾಗಿದೆ ಎಂದು ಹೇಳಿತು, ಆದರೆ ಎರಡರಲ್ಲಿ ಯಾವುದು ಎಂದು ಬಿಡಿಸಿ ಹೇಳಲಿಲ್ಲ. ಹಲವು ನ್ಯಾಯಾಧೀಶರು ತಮ್ಮ ಪ್ರತ್ಯೇಕ ಟಿಪ್ಪಣಿಗಳಲ್ಲಿ ಆ ವಾಕ್ಯವನ್ನು ಬೇರೆ ಬೇರೆ ರೀತಿಯಲ್ಲಿ ಅರ್ಥೈಸಿದರು. ಅದಕ್ಕೆ ಮುಂಚೆ ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ, ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2022ರಲ್ಲಿ ನೇರವಾಗಿ ಅಪಾರ್ಥೀಡ್ ಎಂದು ಹೆಸರಿಸಿದ್ದವು, ಇಸ್ರೇಲ್ ಅದನ್ನು ಸಂಪೂರ್ಣವಾಗಿ ನಿರಾಕರಿಸಿದೆ. ಇಲ್ಲಿ ಯಾರ ವಾದ ಸರಿ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಈ ಸುದ್ದಿಯನ್ನು ಕನ್ನಡದಲ್ಲಿ ಬರೆಯುವವನು ಎರಡಕ್ಕೂ ವರ್ಣಭೇದ ಎಂದು ಬರೆದರೆ, ನ್ಯಾಯಾಲಯ ಬೇಕೆಂದೇ ತೆರೆದಿಟ್ಟ ಪ್ರಶ್ನೆಯನ್ನು ತಾನೇ ಮುಚ್ಚಿಬಿಟ್ಟಂತಾಗುತ್ತದೆ.

ಅದಕ್ಕಾಗಿ ಕಾನೂನಿನ ಸಂದರ್ಭದಲ್ಲಿ ಅಪಾರ್ಥೀಡ್ ಎಂದೇ ಬರೆಯಬೇಕೆಂಬುದು ನನ್ನ ನಿಲುವು. ಈ ವಿಷಯದಲ್ಲಿ ಮೈಸೂರಿನ ಹಿರಿಯರಿಗಿಂತ ನನ್ನ ಅಭಿಪ್ರಾಯ ಬೇರೆ. ವರ್ಣಭೇದ ನೀತಿ ಎಂಬುದು ಚರ್ಮದ ಬಣ್ಣಕ್ಕೆ ಕಟ್ಟುಬಿದ್ದ ಪದ; ಒಡಂಬಡಿಕೆಯ ಪ್ರಕಾರ ಜನಾಂಗೀಯ ತಾರತಮ್ಯದಲ್ಲಿ ಬಣ್ಣದ ಜೊತೆಗೆ ವಂಶ, ರಾಷ್ಟ್ರೀಯ ಅಥವಾ ಬುಡಕಟ್ಟು ಮೂಲ ಎಲ್ಲವೂ ಸೇರುತ್ತವೆ. ಸೆಗ್ರಿಗೇಶನ್‌ಗೆ "ಪ್ರತ್ಯೇಕತಾವಾದ" ಎಂದು ಬರೆಯುವವರನ್ನೂ ನೋಡಿದ್ದೇನೆ. ಅದು ಖಂಡಿತ ಕೂಡದು. ನಮ್ಮ ಪತ್ರಿಕೆಗಳಲ್ಲಿ ಪ್ರತ್ಯೇಕತಾವಾದಿ ಎಂದರೆ ಪ್ರತ್ಯೇಕ ರಾಜ್ಯವನ್ನೋ ದೇಶವನ್ನೋ ಕೇಳುವವನು.

ಉತ್ತರ: ಕೆಂಪುಮಣ್ಣು (ಕೋಲಾರ)

ಶಿವಮೊಗ್ಗದ ಆ ಹುಡುಗಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ನಾಡಿನಲ್ಲಿ ವರ್ಣ ಎಂಬ ಪದ ಕೇಳಿದೊಡನೆ ಮೊದಲು ನೆನಪಾಗುವುದು ಬಣ್ಣವಲ್ಲ, ಹುಟ್ಟಿನ ಮೇಲುಕೀಳು. ದಕ್ಷಿಣ ಆಫ್ರಿಕದ ಕಥೆಗೆ ಆ ಪದವನ್ನು ಹಚ್ಚಿದರೆ ಎರಡು ರೀತಿಯ ಹಾನಿ. ಒಂದು ಕಡೆ ಎಳೆಯ ಓದುಗರಿಗೆ ಅಲ್ಲಿ ನಡೆದದ್ದೇನೆಂದು ಅರ್ಥವಾಗುವುದಿಲ್ಲ. ಇನ್ನೊಂದು ಕಡೆ, ವರ್ಣಭೇದ ಎಂಬುದು ದೂರದೇಶದ ಸಂಗತಿ, ಅದು 1994ರ ಏಪ್ರಿಲ್ 27ರ ಚುನಾವಣೆಯಲ್ಲಿ ಮುಗಿದುಹೋಯಿತು ಎಂಬ ನಿರಾಳ ಭಾವ ನಮ್ಮಲ್ಲಿ ಬೆಳೆಯುತ್ತದೆ.

ಜಾತಿಯನ್ನೂ ಅಪಾರ್ಥೀಡ್ ಎಂದು ಕರೆಯಬಹುದೇ ಎಂಬ ಪ್ರಶ್ನೆಗೆ ಒಂದು ಇತಿಹಾಸವಿದೆ. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿಯೇ ನಡೆದ ಜನಾಂಗೀಯತೆ ವಿರೋಧಿ ವಿಶ್ವ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯ ವಿಷಯವನ್ನು ಎತ್ತಿದಾಗ, ಜಾತಿ ಮತ್ತು ಜನಾಂಗ ಒಂದೇ ಅಲ್ಲ ಎಂದು ಭಾರತ ಸರ್ಕಾರ ವಿರೋಧಿಸಿತು. ಮರುವರ್ಷ, ಧಾರವಾಡದ ವಕೀಲರು ಹೇಳಿದ 1965ರ ಒಡಂಬಡಿಕೆಯ ಸಮಿತಿಯು "ವಂಶ" ಎಂಬ ಪದದಲ್ಲಿ ಜಾತಿಯೂ ಸೇರುತ್ತದೆ ಎಂದು ತನ್ನ ಸಾಮಾನ್ಯ ಶಿಫಾರಸಿನಲ್ಲಿ ಹೇಳಿತು. ಸರ್ಕಾರ ಇದನ್ನು ಒಪ್ಪಿಲ್ಲ. ಜಾತಿಯು ಜನಾಂಗಗಳ ವಿಭಜನೆಯಲ್ಲ, ಒಂದೇ ಜನಾಂಗದ ಜನರ ನಡುವಿನ ಸಾಮಾಜಿಕ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿಯೇ ವಾದಿಸಿದ್ದರು. ಅವರು ಹಾಗೆ ಹೇಳಿದ್ದು ಜಾತಿಯ ಕ್ರೌರ್ಯವನ್ನು ಕಡಿಮೆ ಮಾಡಿ ತೋರಿಸಲು ಅಲ್ಲ, ಅದಕ್ಕೆ ಜನಾಂಗದ ಶುದ್ಧಿಯ ನೆಪ ಕೊಡುವವರ ಬಾಯಿ ಮುಚ್ಚಿಸಲು.

ನನ್ನ ಅಭಿಪ್ರಾಯ ಇಷ್ಟು. ಊರ ಹೊರಗಿನ ಕೇರಿ, ಹೋಟೆಲಿನ ಪ್ರತ್ಯೇಕ ಲೋಟ, ಮುಟ್ಟಿಸಿಕೊಳ್ಳದ ಬಾವಿ, ಇವನ್ನು ಹೇಳಲು ಅಸ್ಪೃಶ್ಯತೆ ಎಂಬ ಪದ ನಮ್ಮಲ್ಲಿದೆ, ಸಂವಿಧಾನದ 17ನೆಯ ವಿಧಿಯೂ ಅದನ್ನೇ ಹೆಸರಿಸಿ ನಿಷೇಧಿಸಿದೆ. ದಕ್ಷಿಣ ಆಫ್ರಿಕದಲ್ಲಿ ಸರ್ಕಾರವೇ ಕಾನೂನು ಬರೆದು ಜನರನ್ನು ಬೇರ್ಪಡಿಸಿತು, ಇಲ್ಲಿ ಕಾನೂನು ಬೇಡವೆಂದ ಮೇಲೂ ಜನರು ಬೇರ್ಪಡಿಸುತ್ತಲೇ ಇದ್ದಾರೆ. ಹೋಲಿಸಿ ನೋಡಬೇಕು, ಆದರೆ ಒಂದರ ಹೆಸರಿನಿಂದ ಇನ್ನೊಂದನ್ನು ಕರೆದರೆ ಎರಡೂ ಮಸುಕಾಗುತ್ತವೆ. ಈ ಕಾರಣಕ್ಕಾಗಿ ವರ್ಣಭೇದ ಎಂಬುದನ್ನು ಬಿಟ್ಟು ಅಪಾರ್ಥೀಡ್ ಎಂದೇ ಬರೆಯಿರಿ ಎಂದು ಕೇಳುತ್ತೇನೆ.

ಪ್ರತಿಕ್ರಿಯೆ: ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಮನಸಾರೆ ವಂದನೆಗಳು. ಅಕ್ಕನ ಮಗಳಿಗೆ ಕೋಲಾರದವರ ಉತ್ತರವನ್ನು ಓದಿ ಹೇಳಿದೆ. ಲೇಖನದಲ್ಲಿ ಡಿಸ್ಕ್ರಿಮಿನೇಶನ್‌ಗೆ ಜನಾಂಗೀಯ ತಾರತಮ್ಯ, ಸೆಗ್ರಿಗೇಶನ್‌ಗೆ ಜನಾಂಗೀಯ ಪ್ರತ್ಯೇಕೀಕರಣ, 1948ರ ನಂತರದ ವ್ಯವಸ್ಥೆಗೆ ಅಪಾರ್ಥೀಡ್ ಎಂದು ಇಟ್ಟುಕೊಳ್ಳುತ್ತೇನೆ. ಹಳೆಯ ತಲೆಮಾರಿನ ಓದುಗರಿಗಾಗಿ ಮೊದಲ ಸಲ ಬರುವಲ್ಲಿ "ನಮ್ಮ ಪತ್ರಿಕೆಗಳು ವರ್ಣಭೇದ ನೀತಿ ಎಂದು ಕರೆದ ಅಪಾರ್ಥೀಡ್" ಎಂದು ಬರೆಯುತ್ತೇನೆ. ಉಳಿದಿರುವುದು ಒಂದು ಸಂದೇಹ. ಆ ಸರ್ಕಾರ ತನ್ನ ನೀತಿಗೆ ಆಮೇಲೆ ಇಟ್ಟ "ಸೆಪರೇಟ್ ಡೆವಲಪ್‌ಮೆಂಟ್" ಎಂಬ ಹೆಸರನ್ನು ಪ್ರತ್ಯೇಕ ಅಭಿವೃದ್ಧಿ ಎಂದು ಬರೆದರೆ ಒಳ್ಳೆಯ ಯೋಜನೆಯೊಂದರ ಹೆಸರಿನಂತೆ ಕೇಳಿಸುತ್ತದೆ. ಏನು ಮಾಡಲಿ?

ಉತ್ತರ: ಹಳೆಯ ಕಡತ (ಮೈಸೂರು)

ಹಾಗೆ ಕೇಳಿಸಲೆಂದೇ ಇಟ್ಟ ಹೆಸರು ಅದು, ಆದ್ದರಿಂದ ಅನುವಾದವೂ ಹಾಗೆಯೇ ಕೇಳಿಸಲಿ. ಅಪಾರ್ಥೀಡ್ ಎಂಬ ಪದ ಜಗತ್ತಿನಲ್ಲಿ ಹೊಲಸಾದ ಮೇಲೆ ಪ್ರಧಾನಿ ಫರ್ವೂರ್ಡ್ ಮತ್ತು ಅವರ ನಂತರದವರು ಈ ಹೆಸರನ್ನು ಮುಂದೆ ಮಾಡಿದರು. ಅದರ ಹೆಸರಿನಲ್ಲಿ ನಡೆದದ್ದು ಆಫ್ರಿಕನ್ನರನ್ನು ಬುಡಕಟ್ಟುಗಳಾಗಿ ಒಡೆದು, ಹಿಂದಿನ ಶೇ 13ರ ಚೂರುಪಾರು ನೆಲವನ್ನು ಹತ್ತು "ತಾಯ್ನಾಡು"ಗಳೆಂದು ಕರೆದು, 1970ರ ಕಾಯಿದೆಯಿಂದ ಪ್ರತಿಯೊಬ್ಬ ಆಫ್ರಿಕನ್ನನನ್ನೂ ಅವುಗಳಲ್ಲಿ ಯಾವುದಾದರೂ ಒಂದರ ಪ್ರಜೆಯೆಂದು ಘೋಷಿಸಿದ್ದು. ಹಲವರು ಆ ನೆಲವನ್ನು ಕಣ್ಣಿಂದಲೂ ನೋಡಿರಲಿಲ್ಲ. ಟ್ರಾನ್ಸ್‌ಕೈ 1976ರಲ್ಲಿ, ಬೋಪುತಟ್ಸ್ವಾನ 1977ರಲ್ಲಿ, ವೆಂಡ 1979ರಲ್ಲಿ, ಸಿಸ್ಕೈ 1981ರಲ್ಲಿ "ಸ್ವತಂತ್ರ"ವಾದವು. ವಿಶ್ವಸಂಸ್ಥೆ ಯಾವುದನ್ನೂ ಮಾನ್ಯ ಮಾಡಲಿಲ್ಲ. 1960ರಿಂದ 1983ರವರೆಗೆ ಸುಮಾರು 35 ಲಕ್ಷ ಜನರನ್ನು ಬಲವಂತವಾಗಿ ಸ್ಥಳಾಂತರಿಸಲಾಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು.

ಆದ್ದರಿಂದ ಪ್ರತಿ ಸಲವೂ "ಸರ್ಕಾರವು ಪ್ರತ್ಯೇಕ ಅಭಿವೃದ್ಧಿ ಎಂದು ಕರೆದ" ಎಂದೇ ಬರೆಯಿರಿ, ಮೊದಲ ಸಲ ಬರುವಲ್ಲಿ ಮೇಲಿನ ವಿವರವನ್ನು ಒಂದು ವಾಕ್ಯದಲ್ಲಿ ಸೇರಿಸಿ. "ತಾಯ್ನಾಡು" ಎಂಬುದಕ್ಕೂ ಉದ್ಧರಣ ಚಿಹ್ನೆ ಇರಲಿ, ಅಥವಾ ವಿರೋಧಿಗಳು ಬಳಸಿದ "ಬಾಂಟುಸ್ಥಾನ" ಎಂಬುದನ್ನು ಬಳಸಿರಿ. ಕರಡು ತಿದ್ದುವವರು ಚಿಹ್ನೆಗಳು ಹೆಚ್ಚಾದವೆಂದು ತೆಗೆದುಹಾಕದಂತೆ ಸಂಪಾದಕರಿಗೆ ಮೊದಲೇ ಒಂದು ಟಿಪ್ಪಣಿ ಕಳುಹಿಸುವುದು ಒಳ್ಳೆಯದು. ಕಾಯಿದೆಗಳ ಹೆಸರುಗಳನ್ನು ಕನ್ನಡಿಸಿದ ಪಟ್ಟಿಯನ್ನು ಇಲ್ಲಿ ಹಾಕಿದರೆ ನಾನು ಒಂದೊಂದಾಗಿ ನೋಡಿ ತಿಳಿಸುತ್ತೇನೆ.